ಆವಿಗೆಯಲ್ಲಿ ಬೆಂದ ಎಲುಬು

ಯಳಂದೂರಿನ ಗೌರೀಶ್ವರ ದೇವಾಲಯದ ಮುಂದೆ ಬಳೆಮಂಟಪವಿದೆ. ಅಲ್ಲಿ ಶಿಲ್ಪಿಗಳು ಕಲ್ಲನ್ನೇ ಕಡೆದು, ಬಳೆಯೊಳಗೆ ಬಳೆಯನ್ನು ಕೋದಂತೆ ಸರಪಳಿಗಳನ್ನು ಇಳಿಬಿಟ್ಟಿದ್ದಾರೆ. ಉಳಿಯ ಪೆಟ್ಟು ಒಂದಿಷ್ಟು ಹೆಚ್ಚಾಗಿದ್ದರೂ ಬಳೆ ಮುರಿದುಹೋಗುತ್ತಿತ್ತು. ಕಲ್ಲು ಗಟ್ಟಿ, ಆದರೆ ಬಾಗಲಾರದು, ಬಾಗಲಾರದುದು ಒಡೆಯುತ್ತದೆ. ಈ ಸಂಗತಿಯನ್ನು ಶಿಲ್ಪಿಯಷ್ಟೇ ಚೆನ್ನಾಗಿ ಬಲ್ಲವನು ಕುಂಬಾರ.

ಆ ಮಂಟಪದಿಂದ ಹೆಚ್ಚು ದೂರವಿಲ್ಲದ ಹಳ್ಳಿಯೊಂದರಲ್ಲಿ ಅಂತಹ ಒಬ್ಬ ಕುಂಬಾರನಿದ್ದಾನೆ. ವಯಸ್ಸು ಐವತ್ತನ್ನು ದಾಟಿದೆ. ಕೆರೆಯ ಜೇಡಿಯನ್ನು ತುಳಿದು ಹದಮಾಡಿ, ತಿಗರಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಮಡಕೆ, ಕುಡಿಕೆ, ಹಣತೆಗಳನ್ನು ಮಾಡುವುದು ಆತನ ಮನೆತನದ ಕಸುಬು. ವರುಷಕ್ಕೊಮ್ಮೆ ಕೊಳ್ಳೇಗಾಲ, ಹನೂರುಗಳ ಮಾರ್ಗವಾಗಿ ನಡೆದು, ತಾಳುಬೆಟ್ಟವನ್ನು ಏರಿ, ಮಹದೇಶ್ವರನ ಬೆಟ್ಟವನ್ನು ಸೇರುವುದು ಆತನ ಹರಕೆ. ಒಂದು ವರುಷ ತಾಳುಬೆಟ್ಟದ ತಪ್ಪಲಿನಲ್ಲಿಯೇ ಆತ ಕುಳಿತುಬಿಟ್ಟ. ಬಲತೊಡೆಯ ಸಂದಿನಲ್ಲಿ ಹುಟ್ಟಿದ ನೋವು ಹೆಜ್ಜೆಯನ್ನು ಎತ್ತಗೊಡಲಿಲ್ಲ. ಮೂಳೆ ಕಟ್ಟುವವರ ಪಟ್ಟಿ, ಎಣ್ಣೆ, ಕಾವು ಎಲ್ಲವೂ ಆದವು. ಕೊನೆಗೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಕಾರಣ ತಿಳಿಯಿತು. ತೊಡೆಯ ಎಲುಬಿನ ಗುಂಡಾದ ತಲೆಗೆ ರಕ್ತ ಹರಿಯುವುದು ನಿಂತು, ಆ ಭಾಗವು ಸತ್ತು ಕುಸಿದಿತ್ತು. ಅದನ್ನು ತೆಗೆದು ಬೇರೆಯದನ್ನು ಇಡುವುದರ ಹೊರತು ಉಪಾಯವಿರಲಿಲ್ಲ.

ವೈದ್ಯರು ಅಂತಹ ಒಂದು ಗುಂಡನ್ನು ಆತನ ಅಂಗೈಯಲ್ಲಿಟ್ಟರು. ಸಣ್ಣ ನಿಂಬೆಹಣ್ಣಿನ ಗಾತ್ರ, ತಿಳಿ ಗುಲಾಬಿ ಬಣ್ಣ, ಕನ್ನಡಿಯಂತಹ ನುಣುಪು. ಇದು ಲೋಹವಲ್ಲ, ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಬೆಂಕಿಯಲ್ಲಿ ಸುಟ್ಟು ಮಾಡಿದ್ದು ಎಂದು ತಿಳಿದಾಗ ಕುಂಬಾರನ ಮುಖ ಸಪ್ಪಗಾಯಿತು.

“ನಾ ಸುಟ್ಟ ಮಡ್ಕ ಕೈ ಜಾರಿದ್ರ ಒಡ್ದೋಯ್ತದ. ಇದು ಒಡ್ಯಾದಿಲ್ವಾ ಸ್ವಾಮಿ?”

“ಒಡೆಯುವುದು ಬಹಳ ಅಪರೂಪ ಯಜಮಾನರೇ. ಒಡೆಯುವುದೇ ಇಲ್ಲವೆಂದು ಮಾತ್ರ ಹೇಳಲಾರೆ” ಎಂದರು ವೈದ್ಯರು.

ಕುಂಬಾರನ ಪ್ರಶ್ನೆ ಅಜ್ಞಾನದ ಪ್ರಶ್ನೆಯಲ್ಲ. ಸೆರಾಮಿಕ್ ವಸ್ತುಗಳನ್ನು ದೇಹದೊಳಗೆ ಇಡಲು ಹೊರಟ ವಿಜ್ಞಾನಿಗಳನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಡಿದ ಪ್ರಶ್ನೆ ಅದೇ.

ಮನುಷ್ಯನ ಎಲುಬು ತಾನೇ ಎಂತಹ ವಸ್ತು? ಕೋಳಿಯ ಎಲುಬೊಂದನ್ನು ಕೆಲವು ದಿನ ವಿನಿಗರ್‌ನಲ್ಲಿ ನೆನೆಹಾಕಿದರೆ ಅದು ರಬ್ಬರಿನಂತೆ ಬಾಗುತ್ತದೆ. ಅದರೊಳಗಿನ ಖನಿಜವೆಲ್ಲ ಕರಗಿ ಹೋಗಿ, ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಮಾತ್ರ ಉಳಿದಿರುತ್ತವೆ. ಇನ್ನೊಂದು ಎಲುಬನ್ನು ಬೆಂಕಿಯಲ್ಲಿ ಸುಟ್ಟರೆ ಆಕಾರ ಹಾಗೆಯೇ ಇರುತ್ತದೆ, ಆದರೆ ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ. ಎಳೆಗಳು ಬೆಂದು, ಖನಿಜ ಮಾತ್ರ ಉಳಿದಿರುತ್ತದೆ. ಆ ಖನಿಜವು ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳಿಂದಾದುದು; ಹೈಡ್ರಾಕ್ಸಿಅಪಟೈಟ್ ಎಂಬುದರ ಹತ್ತಿರದ ಸಂಬಂಧಿ. ಎಲುಬಿನ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ಅದೇ. ಕೊಳ್ಳೇಗಾಲದ ಮಗ್ಗಗಳಲ್ಲಿ ರೇಷ್ಮೆಯ ಹಾಸು ಹೊಕ್ಕುಗಳು ಸೇರಿ ಸೀರೆಯಾಗುವಂತೆ, ಎಳೆ ಮತ್ತು ಕಲ್ಲು ಹೆಣೆದುಕೊಂಡು ಎಲುಬಾಗಿದೆ. ಎಳೆಯಿಂದ ಬಾಗುವ ಗುಣ, ಕಲ್ಲಿನಿಂದ ಭಾರ ಹೊರುವ ಗುಣ. ಇದರ ಮೇಲೆ, ಮುರಿದರೆ ತನ್ನಷ್ಟಕ್ಕೆ ತಾನೇ ಕೂಡಿಕೊಳ್ಳುವ ಗುಣವೂ ಅದಕ್ಕುಂಟು. ಮಾನವನು ಮಾಡಿದ ಯಾವ ವಸ್ತುವಿಗೂ ಈ ಮೂರೂ ಒಟ್ಟಿಗೆ ಇನ್ನೂ ದಕ್ಕಿಲ್ಲ.

ಆದರೂ ಪ್ರಯತ್ನ ಬಹಳ ಹಿಂದಿನದು. ಹೊಂಡುರಾಸ್ ದೇಶದಲ್ಲಿ 1931ರಲ್ಲಿ ದೊರೆತ, ಕ್ರಿ.ಶ. 600ರ ಸುಮಾರಿನ ದವಡೆಯೊಂದರಲ್ಲಿ ಹಲ್ಲುಗಳಿಗೆ ಬದಲಾಗಿ ಚಿಪ್ಪಿನ ಮೂರು ತುಂಡುಗಳನ್ನು ನಾಟಿದ್ದರು. 1892ರಲ್ಲಿ ಜರ್ಮನಿಯ ಡ್ರೀಸ್ಮನ್ ಎಂಬ ವೈದ್ಯನು ಎಲುಬಿನ ಪೊಳ್ಳುಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ ವರದಿಯನ್ನು ಪ್ರಕಟಿಸಿದನು. 1970ರಲ್ಲಿ ಫ್ರಾನ್ಸಿನ ಪಿಯರ್ ಬೂತೆಂ ಎಂಬ ಶಸ್ತ್ರವೈದ್ಯನು ಅಲ್ಯೂಮಿನಾದಿಂದ ಮಾಡಿದ ತೊಡೆಯ ಕೀಲನ್ನು ರೋಗಿಯಲ್ಲಿ ಜೋಡಿಸಿದನು.

ಅಲ್ಯೂಮಿನಾ ಎಂದರೆ ಅಲ್ಯೂಮಿನಿಯಂ ಲೋಹವು ಆಮ್ಲಜನಕದೊಡನೆ ಕೂಡಿ ಆದ ವಸ್ತು. ಅದೇ ನೆಲದಲ್ಲಿ ಹರಳಾಗಿ ದೊರೆತಾಗ ಅದಕ್ಕೆ ಕುರುವಿಂದವೆಂದು ಹೆಸರು. ಅದರಲ್ಲಿ ಕ್ರೋಮಿಯಂ ಲೇಶಮಾತ್ರ ಸೇರಿದರೆ ಕೆಂಪೇರಿ ಮಾಣಿಕ್ಯವಾಗುತ್ತದೆ. ಕುಂಬಾರನ ಅಂಗೈಯ ಮೇಲಿನ ಗುಂಡಿನ ಗುಲಾಬಿ ಬಣ್ಣಕ್ಕೂ ಕ್ರೋಮಿಯಂ ಕಾರಣ. ಕಬ್ಬಿಣವು ಆಮ್ಲಜನಕವನ್ನು ಸೇರಿ ತುಕ್ಕಾಗುತ್ತದೆ. ಆಮ್ಲಜನಕದೊಡನೆ ಆಗಲೇ ಪೂರ್ಣವಾಗಿ ಕೂಡಿಹೋಗಿರುವ ವಸ್ತುವಿಗೆ ತುಕ್ಕು ಹಿಡಿಯುವುದೆಲ್ಲಿ? ದೇಹದೊಳಗಿನ ಉಪ್ಪುನೀರು ಅದನ್ನು ಏನೂ ಮಾಡಲಾರದು. ನುಣುಪಾದ ಗುಂಡು ಬಟ್ಟಲಿನಲ್ಲಿ ಉರುಳುವಾಗ ಸವೆತವೂ ಕಡಿಮೆ. ಲೋಹದ ಗುಂಡು ಪ್ಲಾಸ್ಟಿಕ್ ಬಟ್ಟಲನ್ನು ಹೆಚ್ಚು ಉಜ್ಜುತ್ತದೆ. ಹಾಗೆ ಉದುರಿದ ಪುಡಿಯು ಕಾಲಕ್ರಮದಲ್ಲಿ ಸುತ್ತಣ ಎಲುಬನ್ನೇ ತಿನ್ನಿಸುತ್ತದೆ.

ಉಳಿದುದು ಒಡೆಯುವ ಭಯ. ಸೆರಾಮಿಕ್ ಒಡೆಯುವುದು ಒಳಗಿನ ಸೂಕ್ಷ್ಮ ಬಿರುಕಿನಿಂದ. ಇದಕ್ಕೆ 1975ರಲ್ಲಿ ಆಸ್ಟ್ರೇಲಿಯದ ಮೂವರು ವಿಜ್ಞಾನಿಗಳು ಜಿರ್ಕೋನಿಯಾ ಎಂಬ ವಸ್ತುವಿನಲ್ಲಿ ಒಂದು ಸೋಜಿಗವನ್ನು ತೋರಿಸಿದರು. ಬಿರುಕಿನ ತುದಿ ಸಮೀಪಿಸುತ್ತಲೇ ಅದರ ಕಣಗಳು ತಮ್ಮ ರಚನೆಯನ್ನು ಬದಲಿಸಿ ತುಸು ಹಿಗ್ಗುತ್ತವೆ. ಹಿಗ್ಗಿದ ಕಣಗಳು ಬಿರುಕನ್ನು ಹಿಸುಕಿ ಮುಂದೆ ಹೋಗಗೊಡುವುದಿಲ್ಲ. ಶತ್ರುವಿನ ಪೆಟ್ಟೇ ಬಾಗಿಲನ್ನು ಭದ್ರಪಡಿಸಿದಂತೆ! ಆದರೆ ಬೆಂಕಿಯ ವಿದ್ಯೆಯಲ್ಲಿ ಅಹಂಕಾರಕ್ಕೆ ಎಡೆಯಿಲ್ಲ. ಬರಿಯ ಜಿರ್ಕೋನಿಯಾದಿಂದ ಗುಂಡುಗಳನ್ನು ಮಾಡುತ್ತಿದ್ದ ಯೂರೋಪಿನ ತಯಾರಕರೊಬ್ಬರು ಸುಡುವ ಬಟ್ಟಿಯ ಬಗೆಯನ್ನು ಬದಲಿಸಿದರು. ಹೊಸ ಬಟ್ಟಿಯಲ್ಲಿ ಬೆಂದ ಗುಂಡುಗಳು ರೋಗಿಗಳ ದೇಹದಲ್ಲಿಯೇ ಒಡೆಯತೊಡಗಿ, 2001ರಲ್ಲಿ ಅವನ್ನು ಹಿಂದಕ್ಕೆ ಪಡೆಯಬೇಕಾಯಿತು. ಆವಿಗೆಯ ಉರಿ ತುಸು ಬದಲಾದರೆ ಏನಾಗುವುದೆಂದು ಯಳಂದೂರಿನ ಕುಂಬಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈಗಿನ ಗುಂಡುಗಳಲ್ಲಿ ಹೆಚ್ಚಿನ ಭಾಗ ಅಲ್ಯೂಮಿನಾ, ಅದರ ನಡುವೆ ಜಿರ್ಕೋನಿಯಾ. ಆತ ಪ್ರತಿಯೊಂದು ಮಡಕೆಯನ್ನೂ ಬೆರಳಿನಿಂದ ಬಡಿದು, ನಾದ ಕೇಳಿ, ಆಮೇಲೆಯೇ ಸಂತೆಗೆ ಕಳುಹಿಸುತ್ತಾನೆ. ಕಾರ್ಖಾನೆಯವರೂ ಗುಂಡುಗಳ ಮೇಲೆ ಭಾರೀ ಒತ್ತಡ ಹಾಕಿ, ತಾಳಿಕೊಂಡವನ್ನು ಮಾತ್ರ ಹೊರಗೆ ಬಿಡುತ್ತಾರೆ.

ಈ ಗುಂಡು ದೇಹದೊಳಗೆ ಒಬ್ಬ ಮೌನಿಯಾದ ಅತಿಥಿ. ಎಲುಬಿನೊಡನೆ ಬೆರೆಯುವ ಬೇರೊಂದು ಬಗೆಯ ಸೆರಾಮಿಕ್ ಉಂಟು. 1967ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ಎಂಬ ಗಾಜಿನ ವಿಜ್ಞಾನಿಯು ಬಸ್ಸಿನಲ್ಲಿ ಹೋಗುತ್ತಿದ್ದಾಗ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೇನಾಧಿಕಾರಿಯೊಬ್ಬ ಪಕ್ಕದಲ್ಲಿ ಕುಳಿತಿದ್ದ. ದೇಹವು ಲೋಹವನ್ನೂ ಪ್ಲಾಸ್ಟಿಕ್ಕನ್ನೂ ಒಪ್ಪದೆ ಎಷ್ಟೋ ಸೈನಿಕರು ಕೈಕಾಲು ಕಳೆದುಕೊಳ್ಳುತ್ತಿದ್ದಾರೆ, ದೇಹ ಒಪ್ಪುವಂತಹ ವಸ್ತುವನ್ನು ಮಾಡಬಾರದೇ ಎಂದು ಆತ ಕೇಳಿದ. ಹೆಂಚ್ 1969ರಲ್ಲಿ ಕ್ಯಾಲ್ಸಿಯಂ, ರಂಜಕಗಳು ಬೆರೆತ ಗಾಜೊಂದನ್ನು ಸಿದ್ಧಪಡಿಸಿದರು. ಇಲಿಯ ಎಲುಬಿನಲ್ಲಿಟ್ಟ ಆ ಗಾಜಿನ ಚೂರನ್ನು ಆರು ವಾರಗಳ ಬಳಿಕ ಕೀಳಲು ಹೋದರೆ ಬರಲಿಲ್ಲ; ಎಲುಬು ಅದನ್ನು ತನ್ನದೆಂದು ಹಿಡಿದುಕೊಂಡಿತ್ತು. ಹೈಡ್ರಾಕ್ಸಿಅಪಟೈಟಿಗೂ ಈ ಗುಣವಿದೆ. ಆದರೆ ಅದು ಬಲಹೀನ, ಭಾರ ಹೊರಲಾರದು. ಆದುದರಿಂದ ಅದನ್ನು ಹರಳುಹರಳಾಗಿ ಪೊಳ್ಳುಗಳಿಗೆ ತುಂಬುತ್ತಾರೆ, ಇಲ್ಲವೇ ಲೋಹದ ಕಡ್ಡಿಗೆ ತೆಳುವಾಗಿ ಲೇಪಿಸುತ್ತಾರೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಮತ್ತು ಸಂಗಡಿಗರಿಂದಲೂ ಇಂತಹ ವಸ್ತುಗಳ ಸಂಶೋಧನೆ ನಡೆದಿದೆ. ರೇಷ್ಮೆಯ ಪ್ರೋಟೀನಿನ ಹಂದರದಲ್ಲಿ ಈ ಖನಿಜವನ್ನು ಕೂಡಿಸಿ ಎಲುಬಿಗೆ ತೇಪೆ ಮಾಡಲು ಹಲವು ಪ್ರಯೋಗಶಾಲೆಗಳು ಯತ್ನಿಸುತ್ತಿವೆ. ಕೊಳ್ಳೇಗಾಲದವರು ಕೇಳಿದರೆ ಹಿಗ್ಗುವ ಸುದ್ದಿ!

ಹಲ್ಲಿನ ವೈದ್ಯರಂತೂ ಜಿರ್ಕೋನಿಯಾದ ಹಲ್ಲುಗಳನ್ನು ದಿನವೂ ಕೂರಿಸುತ್ತಾರೆ. ಕುಂಬಾರನಿಗೆ ಎರಡು ದವಡೆಹಲ್ಲುಗಳಿಲ್ಲ. ಆ ಮಾತನ್ನು ಯಾರೋ ಎತ್ತಿದಾಗ ಆತ ನಕ್ಕುಬಿಟ್ಟ. ಸೊಂಟದ ಗುಂಡಿಗೆಂದು ಮಾಡಿದ ಸಾಲವೇ ತೀರಿರಲಿಲ್ಲ. ಇನ್ನೊಂದು ಪಕ್ಕದಲ್ಲಿ ಅಗಿದರಾಯಿತು ಎಂದ. ವಿದ್ಯೆ ಇಷ್ಟು ಬೆಳೆದಿದ್ದರೂ ಹನೂರಿನ ಕಾಡಂಚಿನ ಹಾಡಿಗಳವರೆಗೆ ಅದು ನಡೆದು ಹೋಗುವುದು ಇನ್ನೂ ಬಾಕಿಯಿದೆ.

ಶಸ್ತ್ರಚಿಕಿತ್ಸೆ ಸರಿಯಾಗಿ ನಡೆಯಿತು. ಮೂರು ತಿಂಗಳಲ್ಲಿ ಆತ ಕೋಲನ್ನು ಬಿಟ್ಟು ನಡೆದ. ಆದರೆ ವೈದ್ಯರು ಒಂದು ಕಟ್ಟಳೆ ಹಾಕಿದ್ದರು: ಇನ್ನು ಕುಕ್ಕರಗಾಲಿನಲ್ಲಿ ಕೂರುವಂತಿಲ್ಲ. ನಲವತ್ತು ವರುಷ ತಿಗರಿಯ ಮುಂದೆ ಹಾಗೆಯೇ ಕುಳಿತವನಿಗೆ ಅದು ಸಣ್ಣ ಮಾತಾಗಿರಲಿಲ್ಲ. ಕೆಲವು ದಿನ ಆತ ಜಗುಲಿಯ ಮೇಲೆ ಸುಮ್ಮನೆ ಕುಳಿತಿದ್ದ. ಬಳಿಕ ಮಗನು ಎತ್ತರದ ಪೀಠದ ಮೇಲೆ ತಿರುಗುವ ವಿದ್ಯುತ್ ತಿಗರಿಯೊಂದನ್ನು ತಂದ. ಆತ ಕುರ್ಚಿಯ ಮೇಲೆ ಕುಳಿತು ಮಣ್ಣನ್ನಿಟ್ಟ. ಮೊದಲ ಮೂರು ಮಡಕೆಗಳು ಸೊಟ್ಟಗಾದವು. ಅವನ್ನು ಮುದ್ದೆಮಾಡಿ ಮತ್ತೆ ನೀರು ಚಿಮುಕಿಸಿದ. ನಾಲ್ಕನೆಯದರ ಕಂಠ ನೆಟ್ಟಗೆ ಎದ್ದಿತು. ಅದು ಒಣಗಿ, ಆವಿಗೆಯಲ್ಲಿ ಬೆಂದು ಹೊರಬಂದ ದಿನ ಆತ ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಬಡಿದ. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ತಿಳಿದು, ತನ್ನ ಬಲತೊಡೆಯ ಸಂದನ್ನೂ ಒಮ್ಮೆ ಮೆಲ್ಲಗೆ ಬಡಿದು ನೋಡಿದ.