ಹೌದು-ಅಲ್ಲಗಳ ರೇಖಾಗಣಿತ

ಕೊಡೆ ಮನೆಯಲ್ಲಿದೆ, ಅದರ ಬಣ್ಣ ಕಪ್ಪು ಇಲ್ಲವೆ ಕಂದು. ಹಾಗಾದರೆ ಮನೆಯಲ್ಲಿರುವುದು ಕಪ್ಪು ಕೊಡೆ, ಇಲ್ಲವೆ ಕಂದು ಕೊಡೆ. ಇಷ್ಟನ್ನು ತಿಳಿಯಲು ಪಾಂಡಿತ್ಯವೇನೂ ಬೇಡ. ಆದರೆ ಪರಮಾಣುವಿನ ಲೋಕದಲ್ಲಿ ಈ ಸರಳ ತರ್ಕವೇ ಮುಗ್ಗರಿಸುತ್ತದೆ. ಅದರ ಸ್ಥಾನದಲ್ಲಿ ನಿಲ್ಲುವ ತರ್ಕ ಯಾವುದೆಂಬುದನ್ನು ಕ್ರಮಬದ್ಧವಾಗಿ ಬರೆದಿಟ್ಟವರಲ್ಲಿ ಪ್ರೊಫೆಸರ್ ವಿ. ಎಸ್. ವರದರಾಜನ್ ಪ್ರಮುಖರು. ಅವರು ಜನಿಸಿದ್ದು 1937ರಲ್ಲಿ, ಬೆಂಗಳೂರಿನಲ್ಲಿ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದು ಮುಗಿಸಿದ ತರುಣ ಕಲ್ಕತ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟನ್ನು ಸೇರಿದರು. ಅಲ್ಲಿನ ಗುರುಗಳು ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್. ಪಾರ್ಥಸಾರಥಿ, ರಂಗರಾವ್, ವರಧನ್ ಸಹಾಧ್ಯಾಯಿಗಳು. ನಾಲ್ವರೂ ಪರಸ್ಪರ ಪಾಠ ಹೇಳಿಕೊಂಡೇ ಬೆಳೆದರೆಂದರೆ ತಪ್ಪಲ್ಲ. 1960ರಲ್ಲಿ ವರದರಾಜನ್‌ರಿಗೆ ಡಾಕ್ಟರೇಟ್ ದೊರೆಯಿತು. ಆ ಬಳಿಕ ಹಾರ್ವರ್ಡಿನ ಜಾರ್ಜ್ ಮ್ಯಾಕಿಯವರ ಚಿಂತನೆ ಅವರನ್ನು ಸಂಭಾವ್ಯತೆಯ ಗಣಿತದಿಂದ ಕ್ವಾಂಟಂ ವಾದದತ್ತ ಸೆಳೆಯಿತು.

ಅದರ ಒಳಗುಟ್ಟನ್ನು ವಾಚಕರು ತಾವೇ ಪರೀಕ್ಷಿಸಬಹುದು. ಕಾಗದದ ಮೇಲೆ ಒಂದು ಬಿಂದುವನ್ನಿಟ್ಟು, ಅದರ ಮೂಲಕ ಮೂರು ಗೆರೆಗಳನ್ನೆಳೆಯಿರಿ. ಈ ಲೋಕದಲ್ಲಿ ಎರಡು ಸ್ಥಿತಿಗಳನ್ನು ಬೆರೆಸಿದರೆ ಅದೂ ಒಂದು ಸ್ಥಿತಿಯೇ. ಆದ್ದರಿಂದ ‘ಅಥವಾ’ ಎಂದರೆ ಎರಡು ಗೆರೆಗಳು ಸೇರಿ ನಿರ್ಣಯಿಸುವ ಇಡೀ ಸಮತಲ. ‘ಮತ್ತು’ ಎಂದರೆ ಎರಡಕ್ಕೂ ಸಮಾನವಾದ ಭಾಗ. ಎರಡನೆಯ ಅಥವಾ ಮೂರನೆಯ ಗೆರೆ ಎಂದೊಡನೆ ಕಾಗದವೆಲ್ಲ ಬಂತು; ಮೊದಲನೆಯ ಗೆರೆ ಪೂರ್ತಿಯಾಗಿ ಅದರೊಳಗಿದೆ. ಆದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ಸಮಾನವಾದುದು ಬಿಂದುವೊಂದೇ, ಮೂರನೆಯದರೊಡನೆಯೂ ಅಷ್ಟೆ. ಕೂಡಿಸಿ ಕೇಳಿದರೆ ಗೆರೆ ಪ್ರತ್ಯಕ್ಷ, ಬಿಡಿಸಿ ಕೇಳಿದರೆ ಮಾಯ! ಕೊಡೆಯ ತರ್ಕ ಇಲ್ಲಿ ನಡೆಯದು.

ಈ ಮಾತನ್ನು ಬರ್ಕಾಫ್ ಮತ್ತು ಫಾನ್ ನಾಯ್ಮನ್ 1936ರಲ್ಲಿಯೇ ಆಡಿದ್ದರು. ಅದರ ಮೇಲೆ ಕಟ್ಟಡವೆಬ್ಬಿಸಿದ ವರದರಾಜನ್‌ರ ‘ಜಿಯೋಮೆಟ್ರಿ ಆಫ್ ಕ್ವಾಂಟಂ ಥಿಯರಿ’ 1968 ಮತ್ತು 1970ರಲ್ಲಿ ಎರಡು ಸಂಪುಟಗಳಾಗಿ ಹೊರಬಂತು. ಸುಲಭದ ಗ್ರಂಥವಲ್ಲ. ಲೆಕ್ಕ ಸರಿಬಂದರೆ ಸಾಕು, ತಳಹದಿಯ ಗೊಡವೆಯೇಕೆ ಎನ್ನುವ ಭೌತಶಾಸ್ತ್ರಜ್ಞರು ಅಂದೂ ಬಹಳ, ಇಂದೂ ಬಹಳ. ಆ ಪ್ರಶ್ನೆ ಅಲ್ಲಗಳೆಯುವಂಥದಲ್ಲ. ಆದರೆ ಸರಿಬರುವ ಲೆಕ್ಕ ಏಕೆ ಸರಿಬರುತ್ತದೆಂದು ಕೇಳುವವರೂ ಇರಬೇಕಷ್ಟೆ.

1965ರಿಂದ ಅವರ ಕರ್ಮಭೂಮಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯ. ಅಲ್ಲಿದ್ದುಕೊಂಡು ಅವರು ಹೊತ್ತ ಮತ್ತೊಂದು ಹೊಣೆಯನ್ನು ಹೇಳದಿರಲಾಗದು. ಹರೀಶ್‌ಚಂದ್ರರು ಬೆಂಗಳೂರಿನಲ್ಲಿ ಭಾಭಾರವರ ಬಳಿ ಭೌತಶಾಸ್ತ್ರ ಅಭ್ಯಸಿಸಿ, ಮುಂದೆ ಗಣಿತಕ್ಕೆ ಬಂದವರು. ವರದರಾಜನ್ ಗಣಿತದಿಂದ ಭೌತಶಾಸ್ತ್ರದತ್ತ ಹೊರಳಿದವರು. ಹರೀಶ್‌ಚಂದ್ರರು 1983ರಲ್ಲಿ ತೀರಿಕೊಂಡರು. ಅವರ ಲೇಖನಗಳನ್ನು ವರದರಾಜನ್ ಸಂಪಾದಿಸಿ, 1984ರಲ್ಲಿ ನಾಲ್ಕು ಸಂಪುಟಗಳಲ್ಲಿ ಬೆಳಕಿಗೆ ತಂದರು. ಉಳಿದಿದ್ದ ಹಸ್ತಪ್ರತಿಗಳ ಐದನೆಯ ಸಂಪುಟ, ರಮೇಶ್ ಗಂಗೊಳ್ಳಿಯವರೊಡನೆ ಸಿದ್ಧಪಡಿಸಿದ್ದು, 2018ರಲ್ಲಿ ಪ್ರಕಟವಾಯಿತು. ಮರುವರ್ಷ ವರದರಾಜನ್ ಕಾಲವಾದರು.