ಅಟ್ಟದ ಬಾಡಿಗೆ

ವ್ಯಾಪಾರಸ್ಥರ ಮನೆಯಲ್ಲಿ ಪ್ರತಿಯೊಂದಕ್ಕೂ ಒಂದು ಜಾಗ ಗೊತ್ತಾಗಿರುತ್ತದೆ. ಗಲ್ಲಾಪೆಟ್ಟಿಗೆಗೆ ಒಂದು ಜಾಗ, ಕತ್ತರಿಗೆ ಒಂದು ಜಾಗ, ಕೀರ್ದಿಗೆ ಒಂದು ಜಾಗ. ಕತ್ತಲಲ್ಲಿ ಕೈ ಹಾಕಿದರೂ ಬೇಕಾದದ್ದು ಸಿಗಬೇಕು, ಅದೇ ವ್ಯಾಪಾರ ಎನ್ನುತ್ತಿದ್ದರು ನಮ್ಮ ಮಾವನವರು. ಇಂಥ ಮನೆಯಲ್ಲಿ ಮೂರು ವರ್ಷ ಒಬ್ಬಳ ಕೆಲಸಕ್ಕೆ ಮಾತ್ರ ಜಾಗವೇ ಇರಲಿಲ್ಲ. ಆಕೆ ನಮ್ಮ ಸೊಸೆ. ಅದನ್ನು ಕಂಡೂ ಕಾಣದಂತೆ ಇದ್ದವಳು ನಾನು. ಈ ತಪ್ಪನ್ನು ನಮ್ಮ ಅಕ್ಕತಂಗಿಯರ ಮುಂದೆ ಹೇಳಿಕೊಂಡರೆ ಯಾರಿಗಾದರೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಮ್ಮದು ಅಕ್ಕಲಕೋಟದ ಪೇಟೆಯಲ್ಲಿ ಜವಳಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಮಾಲು ಇಡುವ ಅಟ್ಟ. ಮೈಂದರ್ಗಿ, ದುಧನಿ ಕಡೆಯ ಮನೆತನಗಳು ಮದುವೆಯ ಬಸ್ತಾ ಕಟ್ಟಿಸಲು ನಮ್ಮಲ್ಲಿಗೆ ಬರುತ್ತವೆ. ಗಿರಾಕಿಯ ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ಮದುವೆಯೆಂದರೆ ನಮಗೆ ಸಂಭ್ರಮವೂ ಹೌದು, ಹೊಟ್ಟೆಯ ಅನ್ನವೂ ಹೌದು. ಮದುವೆಯ ಬರವಣಿಗೆಯೂ ನಮ್ಮ ಮನೆಗೆ ಹೊಸದಲ್ಲ. ಹಿಂದೆ ಬೀಗರು ಬೀಗರು ಕೂಡಿ ಯಾದಿ ಬರೆಸುತ್ತಿದ್ದುದು ಎಷ್ಟೋ ಸಲ ನಮ್ಮ ಅಂಗಡಿಯ ಗಾದಿಯ ಮೇಲೆಯೇ. ಮಾವನವರು ಲೋಡಿಗೆ ಒರಗಿ, ಓರೆ ಮುಚ್ಚಳದ ಸಣ್ಣ ಮರದ ಡೆಸ್ಕು ಮುಂದಿಟ್ಟುಕೊಂಡು, ಯಾರಿಗೆ ಎಷ್ಟು ವಾರ ಸೀರೆ, ಯಾರಿಗೆ ಪೇಟ, ಯಾರಿಗೆ ಖಣ ಎಂದು ಬರೆಯುತ್ತಿದ್ದರು. ಬರೆಯುವಾಗ ಯಾರೂ ಅವರನ್ನು ಎಬ್ಬಿಸುತ್ತಿರಲಿಲ್ಲ. ಊಟಕ್ಕೂ ಕರೆಯುತ್ತಿರಲಿಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು 1985ರಲ್ಲಿ. ನನ್ನ ಅಕ್ಷರ ದುಂಡಗಿದ್ದವು. ಕನ್ನಡ, ಮರಾಠಿ ಎರಡೂ ಬರುತ್ತಿದ್ದವು. ಹೀಗಾಗಿ ಮನೆಯ ಮದುವೆಗಳಲ್ಲಿ ಆಹೇರದ ವಹಿ ಬರೆಯುವ ಕೆಲಸ ನನಗೆ ಬಂತು. ಯಾರು ಏನು ಉಡಿಸಿದರು, ನಾವು ತಿರುಗಿ ಏನು ಉಡಿಸಬೇಕು ಎಂಬ ಲೆಕ್ಕ ಅದು. ತಪ್ಪಿದರೆ ಸಂಬಂಧವೇ ತಪ್ಪುತ್ತದೆ. ಅದನ್ನು ನಾನು ಬರೆದದ್ದು ಅಡಿಗೆಮನೆಯಲ್ಲಿ, ರಾತ್ರಿ ಎಲ್ಲರೂ ಮಲಗಿದ ಮೇಲೆ, ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ. ಬೆಳಿಗ್ಗೆ ವಹಿ ಗಾದಿಗೆ ಹೋಗುತ್ತಿತ್ತು, ನಾನು ರೊಟ್ಟಿ ಬಡಿಯಲು ಹೋಗುತ್ತಿದ್ದೆ. ಆಗ ಅದು ನನಗೆ ಸಹಜವಾಗಿಯೇ ಕಂಡಿತ್ತು.

ನಮ್ಮ ಸೊಸೆಯ ತವರು ಬೆಳಗಾವಿ. ಆಕೆಯ ಕೆಲಸವೂ ಮದುವೆಯ ಬಗ್ಗೆ ಬರೆಯುವುದೇ. 2020ರ ಮೇ ತಿಂಗಳಲ್ಲಿ ಕೊರೋನಾದ ಕಾರಣ ಮದುವೆಗೆ 50 ಜನರಿಗಿಂತ ಹೆಚ್ಚು ಸೇರಬಾರದೆಂದು ಸರ್ಕಾರ ನಿಯಮ ಮಾಡಿದಾಗ, 50 ಜನರಲ್ಲಿ ಮದುವೆಯನ್ನು ಚೆಂದವಾಗಿ ಮಾಡುವುದು ಹೇಗೆ ಎಂದು ಫೋಟೋ ಸಹಿತ ಬರೆಯತೊಡಗಿದಳಂತೆ. ಇದಕ್ಕೆ ಬ್ಲಾಗ್ ಎನ್ನುತ್ತಾರೆಂದು ನನಗೆ ಆಮೇಲೆ ತಿಳಿಯಿತು. 2021ರ ಕೊನೆಗೆ ನಮ್ಮ ಮನೆಗೆ ಬಂದಳು, ಕೆಲಸವೂ ಜೊತೆಗೇ ಬಂತು. ಮದುವೆಗಳಿಗೆ ಹೋಗುವುದು, ಸೀರೆ ಯಾವ ನೇಯ್ಗೆಯದು, ಹಂದರ ಯಾರು ಹಾಕಿದರು, ಊಟ ಎಷ್ಟು ಬಗೆ, ಎಲ್ಲಿ ದುಡ್ಡು ಉಳಿಯಿತು ಎಂದು ಕೇಳಿ ಬರೆಯುವುದು. ಅಂಗಡಿಯವರು, ಕಾರ್ಯಾಲಯದವರು ತಮ್ಮ ಬಗ್ಗೆ ಬರೆಸಿಕೊಂಡು ಹಣ ಕೊಡುತ್ತಾರೆ. ಹಾಗೆ ಹಣ ಪಡೆದು ಬರೆದದ್ದನ್ನು ಹಾಗೆಂದೇ ಓದುಗರಿಗೆ ತಿಳಿಸಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ನಿಯಮ ತಂದಿದೆ. ಆಕೆ ಅದನ್ನು ಒಂದು ಸಲವೂ ತಪ್ಪಿಸಿದ್ದಿಲ್ಲ. ಅಷ್ಟರಮಟ್ಟಿಗೆ ಅದು ನಮ್ಮ ಅಂಗಡಿಗಿಂತ ಕಡಿಮೆಯ ವ್ಯವಹಾರವೇನಲ್ಲ.

ಆದರೆ ಕೂಡ್ರುವುದು ಎಲ್ಲಿ? ಮೊದಲು ಊಟದ ಮೇಜಿನ ಮೇಲೆ ಕೂತಳು. ನಮ್ಮ ಮನೆಗಳಲ್ಲಿ ಸೂರ್ಯಾಸ್ತದೊಳಗೆ ಊಟ ಮುಗಿಯಬೇಕಷ್ಟೆ. ಚಳಿಗಾಲದಲ್ಲಿ ಐದು ಗಂಟೆಗೇ ತಾಟು ಇಡಬೇಕು. ಮದುವೆ ಸುಗ್ಗಿಯಲ್ಲಿ ಆಕೆಯ ಕೆಲಸ ಜೋರಾಗುವ ಹೊತ್ತೂ ಅದೇ. ದಿನಾ ಐದಕ್ಕೆ ನಾನು ತಾಟು ಬಡಿಯುವುದು, ಆಕೆ ಲ್ಯಾಪ್‌ಟಾಪು, ವಯರು, ಪುಸ್ತಕ ಎಲ್ಲವನ್ನೂ ಎದೆಗೆ ಅವಚಿಕೊಂಡು ಏಳುವುದು. ಆಮೇಲೆ ಮೆಟ್ಟಿಲ ಮೇಲೆ ಕೂತಳು, ನೆಟ್‌ವರ್ಕ್ ಅಲ್ಲೇ ಚೆನ್ನಾಗಿ ಸಿಗುತ್ತಿತ್ತು. ಏರಿ ಇಳಿಯುವವರೆಲ್ಲ ಆಕೆಯನ್ನು ದಾಟಬೇಕು. ಸೀರೆಯ ಫೋಟೋ ತೆಗೆಯಲು ಮಾಳಿಗೆಯ ಮೇಲೆ ಬಿಳಿ ಚಾದರ ಹಾಸಿದಳು, ಅಲ್ಲಿ ನನ್ನ ಹಪ್ಪಳ ಒಣಗಬೇಕಿತ್ತು. ಮದುವೆಗೆ ಹೋದಲ್ಲಿಯೂ ಇದೇ ಪಾಡು. ಕಾರ್ಯಾಲಯದಲ್ಲಿ ವಧುವಿನ ಕೋಣೆಯೊಳಗೆ ಒಂದೇ ಪ್ಲಗ್ಗು, ಅದಕ್ಕೆ ಕೂದಲು ಸುರುಳಿ ಮಾಡುವ ಯಂತ್ರವೊಂದು, ಐದು ಜನರ ಮೊಬೈಲು. ಸೋಲಾಪುರದಿಂದ ತಿರುಗಿ ಬರುವ ಎಸ್.ಟಿ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅರ್ಧ ಬರೆದು ಮುಗಿಸುತ್ತಿದ್ದಳು. "ಬಸ್ಸಿನ್ಯಾಗ ಯಾರೂ ಏಳು ಅನ್ನೂದಿಲ್ಲ, ಅತ್ತಿಯವರ" ಎಂದು ಒಮ್ಮೆ ನಕ್ಕಳು. ನಾನೂ ನಕ್ಕೆ. ಆ ಮಾತು ನನಗೇ ಹೇಳಿದ್ದೆಂದು ಹೊಳೆಯಲಿಲ್ಲ.

ಈ ಕಸುಬಿನ ದೊಡ್ಡವರೂ ಮನೆಯಿಂದಲೇ ಎದ್ದು ಬಂದವರೆಂದು ಆಕೆಯೇ ಹೇಳುತ್ತಿದ್ದಳು. ಬ್ರಿಟನ್ನಿನ ಕ್ಯಾಟ್ ವಿಲಿಯಮ್ಸ್ ಎಂಬಾಕೆ 2007ರಲ್ಲಿ ತನ್ನ ಸ್ವಂತ ಮದುವೆಯ ತಯಾರಿ ನಡೆದಾಗ ಬರೆಯತೊಡಗಿ, ಮುಂದೆ ಅದನ್ನೇ ಅಚ್ಚಿನ ಪತ್ರಿಕೆಯನ್ನಾಗಿಯೂ ಮಾಡಿದಳಂತೆ. ಅಮೆರಿಕದ ಆಬಿ ಲಾರ್ಸನ್ 'ಸ್ಟೈಲ್ ಮಿ ಪ್ರೆಟ್ಟಿ' ಆರಂಭಿಸಿ, ಅದು ಬೆಳೆದ ಮೇಲೆ ದೊಡ್ಡ ಕಂಪನಿಗೆ ಮಾರಿದಳು. 2018ರಲ್ಲಿ ಕಂಪನಿ ಅದನ್ನು ಮುಚ್ಚುತ್ತೇವೆಂದಾಗ ಗಂಡಹೆಂಡಿರು ತಿರುಗಿ ಕೊಂಡುಕೊಂಡರು. ಮಾರಿದ ಅಂಗಡಿಯನ್ನು ತಿರುಗಿ ಕೊಂಡ ಈ ಸುದ್ದಿ ಕೇಳಿ ನಮ್ಮ ಯಜಮಾನರೂ ಕಿವಿ ನಿಮಿರಿಸಿದ್ದರು. ನಮ್ಮ ದೇಶದಲ್ಲಿಯೂ 2014ರಲ್ಲಿ ಗುರುಗ್ರಾಮದಲ್ಲಿ ಒಂದು ದಂಪತಿ 'ವೆಡ್ ಮಿ ಗುಡ್' ಕಟ್ಟಿದರು. ಇದೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಇನ್ನೊಂದು ಕಥೆ. ಎರಡು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಜೇನ್ ಆಸ್ಟಿನ್ ಎಂಬ ಕಾದಂಬರಿಕಾರ್ತಿ ಇದ್ದಳು. ಆಕೆಯ ಕಾದಂಬರಿಗಳೆಲ್ಲ ಹೆಣ್ಣುಮಕ್ಕಳ ಮದುವೆಯ ಮಾತಿನವು. ಚಾಟನ್ ಎಂಬ ಹಳ್ಳಿಯ ಮನೆಯಲ್ಲಿ, ಎಲ್ಲರೂ ಓಡಾಡುವ ಕೋಣೆಯಲ್ಲಿ ಪುಟ್ಟ ಮೇಜಿನ ಮೇಲೆ ಬರೆಯುತ್ತಿದ್ದಳು. ಆ ಕೋಣೆಗೆ ಬರುವ ದಾರಿಯ ಬಾಗಿಲು ಕಿರ್ರೆನ್ನುತ್ತಿತ್ತಂತೆ. ಅದನ್ನು ರಿಪೇರಿ ಮಾಡಲು ಆಕೆ ಬಿಡಲಿಲ್ಲ. ಸಪ್ಪಳ ಕೇಳಿದರೆ ಯಾರೋ ಬಂದರೆಂದು ಬರೆದ ಹಾಳೆಯನ್ನು ಮುಚ್ಚಿಡಬಹುದು, ಅದಕ್ಕೆ. ಹೀಗೆಂದು ಆಕೆಯ ಸೋದರಳಿಯ ಬರೆದಿಟ್ಟಿದ್ದಾನಂತೆ.

ನಮ್ಮ ಮನೆಯ ಕಟ್ಟಿಗೆಯ ಮೆಟ್ಟಿಲೂ ಕಿರ್ರೆನ್ನುತ್ತಿತ್ತು.

2024ರ ನವೆಂಬರದಲ್ಲಿ, ಚಾತುರ್ಮಾಸ ಮುಗಿದು ಮದುವೆಗಳು ಸುರುವಾದ ಸಮಯ. ನನ್ನ ತಂಗಿಯ ಮಗಳ ಸಂಬಂಧದ ಮಾತಿಗೆ ಜತ್ತದಿಂದ ಬೀಗರಾಗುವವರು ಬಂದರು. ಸೊಸೆ ಮೇಜಿನ ಮೇಲೆ ಕೂತು ಬರೆಯುತ್ತಿದ್ದಳು. ಬಂದವರ ಮುಂದೆಯೇ ನಾನು, "ಆ ಡಬ್ಬಿ ಮುಚ್ಚವಾ, ಮಂದಿ ಬಂದಾರ. ಹೊತ್ತು ಹೋಗಲಾರದವರ ಕೆಲಸ ಅದು" ಎಂದುಬಿಟ್ಟೆ. ಆಕೆ ಒಂದು ಮಾತು ಆಡಲಿಲ್ಲ. ಮುಚ್ಚಿದಳು, ಚಹಾ ಮಾಡಿದಳು, ನಗುತ್ತಲೇ ಬಡಿಸಿದಳು.

ಆ ರಾತ್ರಿ ಹನ್ನೆರಡರ ಸುಮಾರಿಗೆ ನನಗೆ ಎಚ್ಚರವಾಯಿತು. ಅಟ್ಟದಲ್ಲಿ ದೀಪ ಉರಿಯುತ್ತಿತ್ತು. ಮಾಲಿರುವ ಜಾಗ, ಕಳ್ಳರೋ ಏನೋ ಎಂದು ಮೆಲ್ಲಗೆ ಇಳಿದೆ. ಮೆಟ್ಟಿಲು ಕಿರ್ರೆಂದಿತು. ಒಳಗೆ ಲ್ಯಾಪ್‌ಟಾಪು ಮುಚ್ಚಿದ ಸಪ್ಪಳ. ಸೋಲಾಪುರ ಚಾದರದ ಗಂಟಿನ ಮೇಲೆ ಸೊಸೆ ಕೂತಿದ್ದಳು. ಬಗಲಲ್ಲಿ ನೀರಿನ ಬಾಟಲಿ, ಮುಂದೆ ಟವೆಲಿನ ಗಂಟು, ಅದೇ ಮೇಜು.

"ಇಲ್ಲ್ಯಾಕ ಕುಂತಿ?" ಎಂದೆ.

"ಇಲ್ಲಿ ಯಾರಿಗೂ ಅಡ್ಡ ಆಗೂದಿಲ್ಲಂತ ಬಂದೆ, ಅತ್ತಿಯವರ."

ಬಯ್ದಿದ್ದರೆ ಸಿಟ್ಟು ಬರುತ್ತಿತ್ತು, ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಆಕೆ ಲೆಕ್ಕ ಹೇಳಿದ ಹಾಗೆ ಹೇಳಿದಳು. ನಾನೂ ಒಂದು ಗಂಟಿನ ಮೇಲೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಬಾಯಿ ಬಿಟ್ಟಳು. ಪುಣೆಯ ಒಂದು ಕಂಪನಿಯವರು ಇದೇ ಬರೆಯುವ ಕೆಲಸಕ್ಕೆ ಕರೆದಿದ್ದಾರೆ, ಆಫೀಸಿನಲ್ಲಿ ಮೇಜು ಕುರ್ಚಿ ಕೊಡುತ್ತಾರೆ, ಇನ್ನೂ ಯಾರಿಗೂ ಹೇಳಿಲ್ಲ, ಎಂಟು ದಿನದಲ್ಲಿ ಉತ್ತರ ಕೊಡಬೇಕು. ನನ್ನ ಎದೆ ಝಲ್ಲೆಂದಿತು. ಸೊಸೆ ಹೋದರೆ ಮಗ ಹೋಗುತ್ತಾನೆ, ಮಗ ಹೋದರೆ ಅಂಗಡಿಯ ಗಾದಿ ಬರಿದು. ನಮ್ಮ ಪೇಟೆಯಲ್ಲಿ ಹೀಗೆ ಬಾಗಿಲು ಹಾಕಿದ ಅಂಗಡಿಗಳು ಒಂದೆರಡಲ್ಲ.

"ಏನ ಬರಿಲಿಕತ್ತಿದ್ದಿ, ತೋರಸು" ಎಂದೆ. ಮೂರು ವರ್ಷದಲ್ಲಿ ಅದೇ ಮೊದಲ ಸಲ ಕೇಳಿದ್ದು.

ಇಳಕಲ್ ಸೀರೆ ಉಟ್ಟ ಒಬ್ಬ ಮದುಮಗಳ ಬಗ್ಗೆ ಬರೆದಿದ್ದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ, ಆ ಕೊಂಡಿಯೇ ಈ ಸೀರೆಯ ಗುರುತು. ಕೆಂಪು ಸೆರಗಿನ ಬಿಳಿ ಚಿತ್ತಾರದಲ್ಲಿ ಜೋಳದ ತೆನೆ ಯಾವುದು, ಹಣಿಗೆ ಯಾವುದು ಎಂದು ಒಂದೊಂದಾಗಿ ತೋರಿಸಿದ್ದಳು. ನಲವತ್ತು ವರ್ಷ ಜವಳಿ ಅಂಗಡಿಯ ಮನೆಯಲ್ಲಿ ಬಾಳಿದವಳು ನಾನು. ಗಿರಾಕಿಗೆ "ಖರೇ ಇಳಕಲ್ ಐತಿ, ತಗೋರಿ" ಎನ್ನುವುದರ ಹೊರತು ಇಷ್ಟು ಬಿಡಿಸಿ ಹೇಳಲು ನನಗೆ ಬರುತ್ತಿರಲಿಲ್ಲ. ಆ ಗಂಟುಗಳ ನಡುವೆ ನನಗೆ ನನ್ನ ಹಿಟ್ಟಿನ ಡಬ್ಬಿಯ ಮುಚ್ಚಳ ನೆನಪಾಯಿತು. ಅಂದು ನನ್ನನ್ನು ಯಾರೂ ಕೇಳಲಿಲ್ಲ ಎಂದು ನಾನೂ ಯಾರನ್ನೂ ಕೇಳದೆ ಇರುವುದು ಯಾವ ನ್ಯಾಯ?

ಬೆಳಿಗ್ಗೆ ಯಜಮಾನರ ಮುಂದೆ ಮಾತು ತೆಗೆದೆ. ಅಟ್ಟದ ಉತ್ತರದ ಮೂಲೆಯಲ್ಲಿ ಕಿಟಕಿಯಿದೆ, ಹಳೆಯ ವಹಿಗಳನ್ನು ತೆಗೆದು ಆ ಜಾಗ ಸೊಸೆಗೆ ಕೊಡೋಣ ಎಂದೆ. ಅವರಿಗೆ ಮನಸ್ಸಿಲ್ಲವೆಂದಲ್ಲ, ಲೆಕ್ಕ ಅಡ್ಡ ಬಂತು. "ಸೀಜನ್ನಿನ್ಯಾಗ ಆ ಮೂಲ್ಯಾಗ ಇಪ್ಪತ್ತು ಗಂಟು ಹಿಡಿತಾವು. ಹೊರಗ ಗೋದಾಮು ಹಿಡದ್ರ ಏನ ಬೀಳತೈತಿ ಗೊತ್ತೈತೇನು?" ಎಂದರು. ನಾನು ಉತ್ತರ ಹುಡುಕುತ್ತಿದ್ದೆ. ಸೊಸೆಯೇ ಮುಂದೆ ಬಂದು, "ಮಾವಾರ, ಏನ ಬೀಳತೈತೋ ಹೇಳ್ರಿ, ತಿಂಗಳಾ ಕೊಡ್ತೀನಿ" ಎಂದಳು.

ಯಜಮಾನರ ಮುಖ ಕೆಂಪಾಯಿತು. "ಸೊಸಿ ಕಡೆ ಬಾಡಗಿ ತಗೊಂಡ್ರ ಪೇಟಿ ನಗತೈತಿ" ಎಂದರು.

"ತಗೋರಿ" ಎಂದೆ ನಾನು. "ಪುಕ್ಕಟೆ ಕೊಟ್ಟ ಜಾಗದಾಗಿಂದ ನಾಳೆ ಪಾವಣೇರು ಬಂದ್ರ ನಾನ ಆಕಿನ್ನ ಎಬ್ಬಸ್ತೀನಿ, ನನ್ನ ಸ್ವಭಾವ ನನಗ ಗೊತ್ತೈತಿ. ಬಾಡಗಿ ಕೊಟ್ಟವರನ್ನ ಎಬ್ಬಸಾಕ ಬರೂದಿಲ್ಲ."

ಅವರು ವ್ಯಾಪಾರಸ್ಥರು. ಈ ಮಾತು ಅವರಿಗೆ ಕೂಡಲೇ ತಿಳಿಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ತಿಂಗಳಿಗೆ 1500 ರೂಪಾಯಿ ಎಂದರು. ಸೊಸೆ 1200ಕ್ಕೆ ಕೇಳಿದಳು. 1300ಕ್ಕೆ ತೀರ್ಮಾನವಾಯಿತು. ಮಗ ನಗುತ್ತ ನಿಂತಿದ್ದ.

ಆ ವಾರವೇ ಎರಡು ಪ್ಲಗ್ಗು, ಒಂದು ಟ್ಯೂಬಲೈಟು, ನೆಟ್‌ವರ್ಕಿಗೆ ಒಂದು ಡಬ್ಬಿ ಬಂದವು. ಮಾವನವರ ಓರೆ ಮುಚ್ಚಳದ ಡೆಸ್ಕು ಒರೆಸಿ ಮೂಲೆಗೆ ಇಟ್ಟೆವು. ಉತ್ತರದ ಕಿಟಕಿಯ ಬೆಳಕು ದಿನವಿಡೀ ಒಂದೇ ತರಹ ಇರುವುದರಿಂದ ಸೀರೆಯ ಬಣ್ಣ ಫೋಟೋದಲ್ಲಿ ಇದ್ದ ಹಾಗೆಯೇ ಬರುತ್ತದಂತೆ. ಇದನ್ನು ಕೇಳಿದ ಮೇಲೆ ಯಜಮಾನರೂ ಆಗಾಗ ಥಾನು ಹಿಡಿದುಕೊಂಡು ಬಣ್ಣ ನೋಡಲು ಅಲ್ಲಿಗೆ ಬರುತ್ತಾರೆ, ಆದರೆ ಕೇಳಿ ಬರುತ್ತಾರೆ. ಜಾಗವೇನೂ ಅರಮನೆಯಲ್ಲ. ನೆಟ್ಟಗೆ ನಿಂತರೆ ತೊಲೆ ತಲೆಗೆ ಬಡಿಯುತ್ತದೆ, ಬೇಸಿಗೆಯಲ್ಲಿ ಕುದಿಯುತ್ತದೆ. ಪುಣೆಯ ಕೆಲಸಕ್ಕೆ ಆಕೆ ಸದ್ಯಕ್ಕೆ ಬೇಡವೆಂದು ಬರೆದಳು. ಮುಂದೆ ಹೋದರೂ ಹೋಗಬಹುದು. ಹೋದರೆ ನಮ್ಮಲ್ಲಿ ಜಾಗವಿರಲಿಲ್ಲ ಎಂಬ ಕಾರಣಕ್ಕೆ ಹೋಗಬಾರದು, ಅಷ್ಟೇ ನನ್ನ ಆಸೆ. ಪ್ರತಿ ತಿಂಗಳು ಒಂದನೇ ತಾರೀಖು ಕೀರ್ದಿಯಲ್ಲಿ ಆಕೆಯ ಹೆಸರಿಗೆ ಜಮಾ ಬೀಳುತ್ತದೆ: ಅಟ್ಟದ ಬಾಡಿಗೆ, ರೂ. 1300. ನಮ್ಮ ಮನೆಯ ವಹಿಯಲ್ಲಿ ಒಬ್ಬ ಸೊಸೆಯ ಹೆಸರಿಗೆ ಖಾತೆ ತೆರೆದದ್ದು ಇದೇ ಮೊದಲು.

ಅಕ್ಕತಂಗಿಯರೇ, ನಮ್ಮ ಮನೆಗಳಲ್ಲಿ ಈಗ ಟ್ಯೂಷನ್ ಹೇಳುವ, ಲೆಕ್ಕಪತ್ರ ನೋಡುವ, ಹೊಲಿಯುವ, ಬರೆಯುವ ಸೊಸೆಯಂದಿರು ಬಹಳ ಜನರಿದ್ದಾರೆ. ಅವರು ಎಲ್ಲಿ ಕೂಡ್ರುತ್ತಾರೆ, ಅಲ್ಲಿಂದ ದಿನಕ್ಕೆ ಎಷ್ಟು ಸಲ ಏಳುತ್ತಾರೆ, ಒಂದು ದಿನ ಎಣಿಸಿ ನೋಡಿರಿ. ನಾನು ಎಣಿಸಿರಲಿಲ್ಲ.

ಮೆಟ್ಟಿಲಿಗೆ ಬಡಿಗ ಮೊಳೆ ಹೊಡೆದು ಹೋದ, ಈಗ ಅದು ಸಪ್ಪಳ ಮಾಡುವುದಿಲ್ಲ. ಅದಕ್ಕೇ ಚಹಾ ಒಯ್ಯುವಾಗ ನಾನೇ ಒಂದು ಸಲ ಕೆಮ್ಮಿ ಒಳಗೆ ಹೋಗುತ್ತೇನೆ. ಇವತ್ತು ಸೊಸೆ ಸೋಲಾಪುರದ ಒಂದು ಮದುವೆಗೆ ಹೋಗಿದ್ದಾಳೆ. ಈ ನಾಲ್ಕು ಮಾತನ್ನು ಆಕೆಯ ಮೂಲೆಯಲ್ಲಿ, ಮಾವನವರ ಡೆಸ್ಕಿನ ಮೇಲೆ ಬರೆದಿದ್ದೇನೆ. ಬಾಡಿಗೆ ಆಕೆಯದು. ಬೆಳಿಗ್ಗೆಯೇ ಕೇಳಿಕೊಂಡು ಕೂತಿದ್ದೇನೆ.