ಜೀಪಿನ ಆದೇಶಸಂಧಿ

ವ್ಯಾಕರಣವೆಂದೊಡನೆ ಮೂಗು ಮುರಿಯುವವರೇ ಲೋಕದಲ್ಲಿ ಬಹುಮಂದಿ. ಆದರೂ ಬಾಲ್ಯದಲ್ಲಿ ಕಲಿತ ಲೋಪ, ಆಗಮ, ಆದೇಶಗಳೆಂಬ ಸಂಧಿಗಳನ್ನು ಪೂರ್ತಿಯಾಗಿ ಮರೆತ ಕನ್ನಡಿಗನು ವಿರಳ. ಇದ್ದುದು ಬಿಟ್ಟುಹೋದರೆ ಲೋಪ. ಇಲ್ಲದುದು ಬಂದು ಸೇರಿದರೆ ಆಗಮ. ಒಂದರ ಸ್ಥಾನದಲ್ಲಿ ಮತ್ತೊಂದು ಬಂದು ಕುಳಿತರೆ ಆದೇಶ. ಇವುಗಳನ್ನು ನಾವು ಬಹುಕಾಲ ಮಕ್ಕಳಿಗೆ ಹೇಳಿಕೊಟ್ಟೆವು. ಹಳೆಯದೊಂದು ದಂಡಿನ ಜೀಪಿನ ಚಕ್ರದಲ್ಲಿ ಇವೇ ಸಂಧಿಗಳನ್ನು ಕಾಣುವ ಯೋಗವು ಮಾತ್ರ ನಿವೃತ್ತರಾದ ಮೇಲೆ ಒದಗಿತು.

ಮೂಡಲಗಿಯ ಸಮೀಪದ ಹಳ್ಳಿಯೊಂದರಲ್ಲಿ ಒಕ್ಕಲುತನ ಮಾಡಿಕೊಂಡಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಈ ವಾಹನವಿದೆ. ಅವನ ಅಜ್ಜನು ಲಿಲಾವಿನಲ್ಲಿ ಕೊಂಡದ್ದು. ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ 1945ರ ವರೆಗೆ ಅಮೇರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ನಕ್ಷೆಯಂತೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಮಾಡಿದವು. ಯುದ್ಧ ಮುಗಿದ ಬಳಿಕ ಅವುಗಳಲ್ಲಿ ಕೆಲವು ನಮ್ಮ ದೇಶದಲ್ಲಿಯೇ ಉಳಿದು ಖಾಸಗಿಯವರ ಕೈಸೇರಿದವು. ಮುಂದೆ ಮಹೀಂದ್ರ ಕಂಪನಿಯು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದ್ದರಿಂದ ಆ ಮಾದರಿಯು ಇಲ್ಲಿಯದೇ ಆಯಿತು. ಐವತ್ತು ವರ್ಷ ಮೀರಿದ ವಾಹನಗಳು ಮೂಲರೂಪದಲ್ಲಿದ್ದರೆ ಅವುಗಳಿಗೆ 'ವಿಎ' ಎಂಬ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿ ಕೊಡತಕ್ಕದ್ದೆಂದು ಭಾರತ ಸರಕಾರವು 2021ರಲ್ಲಿ ನಿಯಮ ಮಾಡಿದೆ. ಅಜ್ಜನ ಜೀಪನ್ನು ಆ ಪಂಕ್ತಿಗೆ ಸೇರಿಸಬೇಕೆಂಬುದು ಶಿಷ್ಯನ ಹಂಬಲ. ಕಳಚಿದ ಭಾಗಗಳ ಪಟ್ಟಿಯನ್ನು ಬರೆದಿಡುವ ಕೆಲಸವನ್ನು ಅವನು ನಮಗೆ ಒಪ್ಪಿಸಿದನು.

ಪಟ್ಟಿ ಬೆಳೆದಂತೆ ಒಂದು ಸಂಗತಿಯು ಕಣ್ಣಿಗೆ ಬಿದ್ದಿತು. ಎಡಗಡೆಯ ಮುಂದಿನ ಚಕ್ರವನ್ನು ಹಿಡಿದಿರಬೇಕಾದ ಐದು ತಿರುಪುಗಳಲ್ಲಿ ಎರಡು ಮೂಲದವಲ್ಲ. ಅರ್ಧ ಇಂಚಿನದು, ಎಂದರೆ 12.7 ಮಿಲಿಮೀಟರಿನದು, ಇರಬೇಕಾದ ಸ್ಥಾನದಲ್ಲಿ 12 ಮಿಲಿಮೀಟರಿನ ಬಜಾರಿನ ಬೋಲ್ಟುಗಳನ್ನು ತುರುಕಿ, ಸಂದು ಕಾಣದಂತೆ ವಾಶರುಗಳನ್ನು ಪೇರಿಸಿದ್ದರು. ಲೋಪವಾದಲ್ಲಿ ಅನುಚಿತವಾದ ಆದೇಶ, ಅದನ್ನು ಮುಚ್ಚಲು ಆಗಮ! ಯಾವ ದುರಸ್ತಿಯ ಅಂಗಡಿಯವರು ಹೀಗೆ ಮಾಡಿದರೋ, ಅವರ ಹೆಸರಿನಿಂದ ಪ್ರಯೋಜನವಿಲ್ಲ. ಅದೇ ಚಕ್ರದ ಮೇಲೆ ಮನೆಯ ಮಕ್ಕಳು ಎಷ್ಟೋ ಸಲ ಜಾತ್ರೆಗೆ ಹೋಗಿಬಂದಿದ್ದರೆಂದು ತಿಳಿದಾಗ ನಮ್ಮ ಎದೆ ಝಲ್ಲೆಂದಿತು.

ಬದಲಿಯನ್ನು ಹುಡುಕುತ್ತ ಶಿಷ್ಯನೊಡನೆ ನಾವು ಗೋಕಾಕದ ಪೇಟೆಯಲ್ಲಿ ಅಲೆದೆವು. ಮಾದರಿಯ ಬೋಲ್ಟನ್ನು ತೋರಿಸಿದಲ್ಲೆಲ್ಲ ಒಂದೇ ಉತ್ತರ: "ಇದು ಕೂಡತದ, ತಗೊಂಡ ಹೋಗ್ರಿ." ಕೂಡುವುದೇನೋ ದಿಟ. ಆದರೆ ಕೂಡುವುದೆಲ್ಲವೂ ಆದೇಶವಾಗಲು ತಕ್ಕುದೆ? ಮಳೆ, ಕಾಲ ಎಂಬ ಪದಗಳು ಸೇರಿದಾಗ ಕಕಾರದ ಸ್ಥಾನಕ್ಕೆ ಗಕಾರವು ಬಂದು 'ಮಳೆಗಾಲ'ವಾಗುತ್ತದೆ, ಬಕಾರವು ಬಾರದು. ಕ, ಗಗಳೆರಡೂ ಕಂಠದಲ್ಲಿ ಹುಟ್ಟಿದವು, ಬಕಾರವು ತುಟಿಯದು. ಬರಬಹುದಾದವುಗಳಲ್ಲಿ ಅತ್ಯಂತ ಸಮೀಪವಾದುದೇ ಆದೇಶವಾಗಬೇಕೆಂದು ಪಾಣಿನಿಯು ವಿಧಿಸಿದ್ದಾನೆ. ಆ ಸಾಮೀಪ್ಯವನ್ನು ವ್ಯಾಖ್ಯಾನಕಾರರು ಸ್ಥಾನ, ಅರ್ಥ, ಗುಣ, ಪ್ರಮಾಣಗಳೆಂದು ನಾಲ್ಕು ಬಗೆಯಾಗಿ ಎಣಿಸುತ್ತಾರೆ. ಬೋಲ್ಟಿನ ವಿಚಾರಕ್ಕೂ ಈ ನಾಲ್ಕೇ ಸಾಕು.

ಮೊದಲನೆಯದು ಸ್ಥಾನ. ಸಾಮಾನ್ಯವಾದ ತಿರುಪು ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಗಿಯುತ್ತದೆ. ಆದರೆ ಯುದ್ಧಕಾಲದ ಜೀಪಿನ ಎಡಗಡೆಯ ಚಕ್ರಗಳ ತಿರುಪುಗಳು ಅಪ್ರದಕ್ಷಿಣವಾಗಿ ಬಿಗಿಯತಕ್ಕವು. ಚಕ್ರವು ಮುಂದಕ್ಕೆ ಉರುಳುವಾಗ ನಟ್ಟು ಸಡಿಲಾಗಬಾರದೆಂದು ವಿನ್ಯಾಸಕಾರರು ಹೀಗೆ ಮಾಡಿದ್ದರು. ಇದನ್ನರಿಯದವನು ಬಿಚ್ಚಲೆಂದು ಬಲವಾಗಿ ತಿರುಗಿಸಿದಷ್ಟೂ ನಟ್ಟು ಬಿಗಿಯುತ್ತ ಹೋಗಿ ತಿರುಪೇ ಕಡಿದುಬೀಳುತ್ತದೆ. ನಮ್ಮ ಚಕ್ರದಲ್ಲಿ ಎರಡು ಕಳೆದುಹೋದದ್ದು ಹೀಗೆಯೇ ಇರಬೇಕು.

ಎರಡನೆಯದು ಅರ್ಥ, ಎಂದರೆ ಪ್ರಯೋಜನ. ಸ್ಟೇರಿಂಗಿನ ಕೀಲುಗಳಲ್ಲಿ ಕೋಟೆಯ ತೆನೆಯಂತೆ ಕಚ್ಚುಗಳುಳ್ಳ ನಟ್ಟುಗಳಿರುತ್ತವೆ. ಕಚ್ಚಿನೊಳಗಿಂದ ತಂತಿಯ ಪಿನ್ನನ್ನು ಹಾಯಿಸಿ ಮಡಿಸಬೇಕು. ಅಲ್ಲಿ ಸಾದಾ ನಟ್ಟನ್ನು ಹಾಕಿದರೂ ಆ ದಿನಕ್ಕೆ ಹಿಡಿದೀತು. ಆದರೆ ಅದರ ಪ್ರಯೋಜನವು ಹಿಡಿಯುವುದಷ್ಟೇ ಅಲ್ಲ, ಹಿಡಿದುದನ್ನು ಬಿಡದಿರುವುದು.

ಮೂರನೆಯದು ಗುಣ. ಎಲ್ಲ ಉಕ್ಕೂ ಒಂದೇ ಅಲ್ಲ. ಈಗ ಸಿಕ್ಕುವ ಇಂಚಿನ ಬೋಲ್ಟಿನ ತಲೆಯ ಮೇಲೆ ಮೂರು ಗೆರೆಗಳಿದ್ದರೆ ಅದು ಗಟ್ಟಿಯಾದುದು, ಆರಿದ್ದರೆ ಇನ್ನೂ ಗಟ್ಟಿ. ಮೆಟ್ರಿಕ್ ಬೋಲ್ಟಿಗಾದರೆ 8.8 ಎಂಬಂತಹ ಅಂಕೆಯಿರುತ್ತದೆ. ಅದು ಹೆಚ್ಚುಕಡಿಮೆ ಮೂರು ಗೆರೆಗೆ ಸಮ. ಗುರುತೇ ಇಲ್ಲದುದನ್ನು ಚಕ್ರ, ಬ್ರೇಕು, ಸ್ಟೇರಿಂಗುಗಳ ಬಳಿ ಸುಳಿಯಗೊಡಬಾರದು. ಫೋರ್ಡ್ ಕಂಪನಿಯವರು ತಮ್ಮ ಜೀಪಿನ ಬೋಲ್ಟುಗಳ ತಲೆಯ ಮೇಲೆ 'ಎಫ್' ಎಂಬ ಅಕ್ಷರವನ್ನು ಒತ್ತುತ್ತಿದ್ದರು. ಮೂಲರೂಪವನ್ನು ಬಯಸುವವರು ಇಂದಿಗೂ ಅದನ್ನು ಹುಡುಕುತ್ತಾರೆ.

ನಾಲ್ಕನೆಯದಾದ ಪ್ರಮಾಣದಲ್ಲಿಯೇ ಹೆಚ್ಚಿನ ಮೋಸವಡಗಿದೆ. ಇಂಗ್ಲೆಂಡಿನ ವ್ಹಿಟ್‌ವರ್ತ್ ಎಂಬಾತನು 1841ರಲ್ಲಿ ತಿರುಪಿನ ಸುತ್ತುಗಳಿಗೆ 55 ಅಂಶದ ಕೋನವನ್ನು ಗೊತ್ತುಮಾಡಿದನು. ಅಮೇರಿಕದ ಸೆಲ್ಲರ್ಸ್ ಎಂಬಾತನು 1864ರಲ್ಲಿ 60 ಅಂಶವನ್ನು ಸೂಚಿಸಿದನು. ಒಂದು ಇಂಚಿನ ಹದಿನಾರನೆಯ ಐದು ಭಾಗದಷ್ಟು ದಪ್ಪನೆಯ ಬೋಲ್ಟನ್ನು ತೆಗೆದುಕೊಳ್ಳಿರಿ. ಅದರ ದಪ್ಪ 7.94 ಮಿಲಿಮೀಟರು. ಪಕ್ಕದಲ್ಲಿ 8 ಮಿಲಿಮೀಟರಿನ ಮೆಟ್ರಿಕ್ ಬೋಲ್ಟನ್ನಿಟ್ಟರೆ ಕಣ್ಣಿಗೆ ಭೇದವೇ ಕಾಣದು. ಆದರೆ ಅಮೇರಿಕದ ಒರಟು ಸುತ್ತಿನ ಅಂತರ 1.41 ಮಿಲಿಮೀಟರು, ನಯವಾದುದರದು 1.06, ಮೆಟ್ರಿಕಿನದು 1.25. ನಟ್ಟು ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಹಟ ಹಿಡಿಯುತ್ತದೆ. ಪಾನಾ ಹಾಕಿ ಜಗ್ಗಿದರೆ ಎರಡೂ ಕೆಡುತ್ತವೆ. ವ್ಹಿಟ್‌ವರ್ತಿನದಂತೂ ಇನ್ನೂ ನಯವಂಚಕ: ಇದೇ ಅಳತೆಯಲ್ಲಿ ಅದಕ್ಕೂ ಅಮೇರಿಕದ ಒರಟು ತಿರುಪಿಗೂ ಇಂಚಿಗೆ 18 ಸುತ್ತುಗಳೇ ಇರುವುದರಿಂದ ಕೊನೆಯ ವರೆಗೂ ಕೂಡುತ್ತದೆ, ಕೋನವು ಬೇರೆಯಾದುದರಿಂದ ಭಾರವು ಮಾತ್ರ ಸಮನಾಗಿ ಹಂಚಿಹೋಗದು.

ಗುಮ್ಮಟಗಳ ಊರಾದ ಹುಕ್ಕೇರಿಯಲ್ಲಿ ಒಬ್ಬ ಮುದುಕನ ಗುಜರಿಯಂಗಡಿಗೆ ಹೋದಾಗ ಈ ಭೇದಗಳನ್ನೆಲ್ಲ ಬಲ್ಲವನು ದೊರೆತನು. ಅವನು ಶಾಲೆಯ ಮೆಟ್ಟಲನ್ನು ಹತ್ತಿದವನಲ್ಲ. ಬಾಚಣಿಗೆಯಂತೆ ಹಲ್ಲುಗಳುಳ್ಳ ಮಾಪಕವೊಂದನ್ನು ಸುತ್ತಿನ ಮೇಲಿಟ್ಟು, ಬೆಳಕಿಗೆ ಹಿಡಿದು, ಹಲ್ಲುಗಳ ಸಂದಿನಲ್ಲಿ ಬೆಳಕು ತೂರಿದರೆ "ಇದು ಇದರ ಜಾತಿ ಅಲ್ಲ" ಎಂದು ಪಕ್ಕಕ್ಕೆ ಎಸೆಯುತ್ತಿದ್ದನು. ಹಳೆಯ ಎಣ್ಣೆಯ ಇಂಜಿನ್ನುಗಳಿಂದ ಕಳಚಿದ ವ್ಹಿಟ್‌ವರ್ತಿನವು ಒಂದು ಡಬ್ಬಿಯಲ್ಲಿ, ಜೀಪಿನವು ಇನ್ನೊಂದರಲ್ಲಿ. 'ಎಫ್' ಗುರುತಿನ ನಾಲ್ಕು ಬೋಲ್ಟುಗಳು ಆ ಡಬ್ಬಿಯ ತಳದಲ್ಲಿ ಸಿಕ್ಕಿದವು. ಅವು ಜೀಪಿನ ಮೈಗಟ್ಟಿಗೆ ಸಂದವು. ಚಕ್ರಕ್ಕೆ ಮಾತ್ರ ಅವನು ಹಳೆಯದನ್ನು ಕೊಡಲೊಲ್ಲೆನೆಂದನು. "ಒಮ್ಮೆ ಜಗ್ಗಿದ ಕಬ್ಬಿಣ ತನ್ನ ನೋವು ಹೇಳೂದಿಲ್ರಿ," ಎಂಬುದು ಅವನ ಮಾತು. ಮಾರುವ ಸರಕನ್ನು ಬೇಡವೆಂದ ವ್ಯಾಪಾರಿಯನ್ನು ನಾವು ಕಂಡದ್ದು ಅಪರೂಪ. ಇಂಚಿಗೆ 20 ಸುತ್ತಿನ ಎಡತಿರುಪುಗಳು ನಟ್ಟುಸಹಿತ ಐದಕ್ಕೈದೂ ಹೊಸವಾಗಿ ಮುಂಬಯಿಯಿಂದ ಅಂಚೆಯಲ್ಲಿ ಬಂದವು. ಮೂಡಲಗಿಯ ಕುಶಲನಾದ ಕೆಲಸಗಾರನೊಬ್ಬನು ಅವನ್ನು ಕೂಡಿಸಿದನು. ಐದೂ ನಟ್ಟುಗಳು ಪಾನಾದ ಹಂಗಿಲ್ಲದೆ ಬೆರಳಿನಿಂದಲೇ ಬುಡದ ವರೆಗೆ ಸರಿದವು.

ಇದು ಜೀಪುಳ್ಳವರಿಗೆ ಮಾತ್ರ ಹೇಳಿದ ಮಾತಲ್ಲ. ಮನೆಯ ಹೊಲಿಗೆಯ ಯಂತ್ರ, ಸೈಕಲ್ಲು, ನೀರೆತ್ತುವ ಪಂಪು ಯಾವುದೇ ಇರಲಿ, ಕಳಚಿದ ತಿರುಪನ್ನು ಎಸೆಯದೆ ಚೀಟಿ ಕಟ್ಟಿ ಡಬ್ಬಿಯಲ್ಲಿಡಿರಿ. ಅಂಗಡಿಗೆ ಹೋಗುವಾಗ ಅದನ್ನೇ ಒಯ್ಯಿರಿ. ಹೊಸದನ್ನು ಬೆರಳಿನಿಂದ ತಿರುಗಿಸಿ ನೋಡಿರಿ. ಬೆರಳಿಗೆ ಒಪ್ಪದುದನ್ನು ಬಲದಿಂದ ಒಪ್ಪಿಸಬೇಡಿರಿ. ಮಾತಿನಲ್ಲಿ ಆದೇಶವು ತಪ್ಪಿದರೆ ಕೇಳಿದವರು ನಕ್ಕು ಸುಮ್ಮನಾದಾರು. ಚಕ್ರದಲ್ಲಿ ತಪ್ಪಿದರೆ ನಗಲು ಯಾರಿಗೂ ಬಾಯಿ ಬಾರದು.